ತ್ಯಾಂಪಜ್ಜನ ಪಥ್ಯ

ಜಲಜಾಕ್ಷಿಯ ಬಲಗೈ ಹೆಗಲಿಂದ ಮೇಲೆ ಏಳದೆ ಮೂರು ತಿಂಗಳಾಗಿತ್ತು. ಇದರಿಂದ ಇಡೀ ತೋಡಾರಿನಲ್ಲಿ ಅತಿ ಹೆಚ್ಚು ಕಷ್ಟ ಅನುಭವಿಸಿದವನು ಅವಳ ಗಂಡ ಶೀನಪ್ಪ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಜಗಲಿಯ ಕುರ್ಚಿಯನ್ನೇ ಸಿಂಹಾಸನ ಮಾಡಿಕೊಂಡು, "ಜಲಜಾ, ನೀರು", "ಜಲಜಾ, ಕನ್ನಡಕ", "ಜಲಜಾ, ಫ್ಯಾನು" ಎಂದು ರಾಜಾಜ್ಞೆಗಳನ್ನು ಹೊರಡಿಸುವುದು ಅವನ ದಿನಚರಿ (ಫ್ಯಾನಿನ ಸ್ವಿಚ್ಚು ಕುರ್ಚಿಯ ಹಿಂದೆಯೇ ಇತ್ತು). ಈಗ ಆಜ್ಞೆಗಳೆಲ್ಲ ಎಡಗೈಯಿಂದ, ತಡವಾಗಿ ಜಾರಿಯಾಗುತ್ತಿದ್ದವು.

ಮೂಡುಬಿದಿರೆಯ ಡಾಕ್ಟರು ಮಾತ್ರೆ ಕೊಟ್ಟು, ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟಿದ್ದರು. ಅವಳ ಬೆರಳು ಕ್ಯಾಲೆಂಡರಿನ ಕೆಳಗಿನ ಅಂಚಿಗೆ ಬಂದು ನಿಂತುಬಿಟ್ಟಿತ್ತು. ತಲೆ ಬಾಚಿಕೊಳ್ಳಲು ಆಗದೆ ಅವಳು ಕೂದಲನ್ನು ಹಾಗೇ ಗಂಟು ಹಾಕಿಕೊಂಡಿರುತ್ತಿದ್ದಳು.

ಆಗ ಶೀನಪ್ಪನಿಗೆ ಕಕ್ಕಿಂಜೆಯಲ್ಲಿ ಅಕ್ಕನ ಮನೆಯಲ್ಲಿದ್ದ ಕಲ್ಲಿನ ನೆನಪಾಯಿತು. ಅದು ಮದ್ದು ಅರೆಯುವ ಕಲ್ಲು. ಹನ್ನೆರಡು ತಲೆಮಾರಿನ ಹಿಂದೆ ಅವರ ಕುಟುಂಬದಲ್ಲಿದ್ದ ತ್ಯಾಂಪಜ್ಜ ಎಂಬ ವೈದ್ಯರು ಅದನ್ನು ತಾವೇ ಕೆತ್ತಿ, ಸಾಯುವಾಗ ದೇಹವನ್ನು ಬೆಂಕಿಗೂ ಮನಸ್ಸನ್ನು ಕಲ್ಲಿಗೂ ಒಪ್ಪಿಸಿಹೋಗಿದ್ದರು. ನೋವಿದ್ದವರ ಕೈಯನ್ನು ಅದರ ಮೇಲಿಟ್ಟು, ಕುಟುಂಬದವರೊಬ್ಬರು ತಮ್ಮ ಕೈಯನ್ನೂ ಇಟ್ಟರೆ ಅಜ್ಜ ಮದ್ದು ಹೇಳುತ್ತಿದ್ದರು. ಅಳಿಯಕಟ್ಟಿನ ಮನೆತನವಾದ್ದರಿಂದ ಕಲ್ಲು ತಾಯಿಯಿಂದ ಮಗಳಿಗೆ ಇಳಿಯುತ್ತ ಅಕ್ಕನ ಪಾಲಿಗೆ ಬಂದಿತ್ತು. ಅಜ್ಜನ ಮಾತು ತಮ್ಮ ರಕ್ತದವರಿಗೆ ಮಾತ್ರ ಕೇಳುತ್ತದೆ ಎಂದು ಶೀನಪ್ಪ ನಂಬಿದ್ದ. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ತೆಗೊಂಡು ಹೋಗು," ಎಂದಳು ಅಕ್ಕ. "ಅಜ್ಜ ಹೇಳಿದ್ದನ್ನು ಹೇಳಿದ ಹಾಗೆ ಮಾಡ್ಬೇಕು, ಆಯ್ತಾ? ನಿನ್ನ ತಲೆ ಓಡಿಸ್ಲಿಕ್ಕೆ ಹೋಗ್ಬೇಡ."

ಮರಳುವಾಗ ಉಜಿರೆಯಲ್ಲಿ ಬಸ್ಸು ತುಂಬಿತು. ಸೀಟಿನ ಮೇಲಿಟ್ಟಿದ್ದ ಕಲ್ಲಿನ ಗೋಣಿಚೀಲವನ್ನು ಕೆಳಗಿಡಲು ಕಂಡಕ್ಟರ್ ಹೇಳಿದ. "ಅದು ನಮ್ಮ ಅಜ್ಜ ಮಾರಾಯ," ಎಂದ ಶೀನಪ್ಪ. "ಹಾಗಾದ್ರೆ ಹಿರಿಯ ನಾಗರಿಕರ ಸೀಟಿನಲ್ಲಿ ಕೂರ್ಸಿ," ಎಂದ ಕಂಡಕ್ಟರ್. ಶೀನಪ್ಪ ಹಾಗೇ ಮಾಡಿದ. ಅಜ್ಜ ಕೂತು ಬಂದರು, ಮೊಮ್ಮಗ ನಿಂತು ಬಂದ.

ಮರುದಿನ ಬೆಳಿಗ್ಗೆ ಮಿಂದು, ಹೆಗಲಿಗೆ ಮಡಿ ಶಾಲು ಹಾಕಿಕೊಂಡು, ಶೀನಪ್ಪ ಜಲಜಾಕ್ಷಿಯ ಬಲಗೈಯನ್ನು ಎತ್ತಿ ಕಲ್ಲಿನ ಮೇಲಿಟ್ಟ. ಪಕ್ಕದಲ್ಲಿ ತನ್ನ ಕೈಯನ್ನೂ ಇಟ್ಟ. ಕಲ್ಲು ನಿಧಾನವಾಗಿ ಬೆಚ್ಚಗಾಯಿತು. ಕೆಮ್ಮಿ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು.

"ಲಕ್ಕಿಸೊಪ್ಪು, ಶುಂಠಿ. ಬೆಣ್ಣೆಯ ಹಾಗೆ ಅರೆದು ಬಿಸಿ ಮಾಡಿ ಹಚ್ಚಬೇಕು. ನಲವತ್ತೆಂಟು ದಿನ. ದಿನವೂ ನೀನೇ ಅರೆಯಬೇಕು, ಶೀನಾ."

ಶೀನಪ್ಪ ಭಕ್ತಿಯಿಂದ ತಲೆಯಾಡಿಸಿದ. "ಅವಳಿಗೆ ಪಥ್ಯ ಏನಜ್ಜಾ?" ಎಂದು ಮನಸ್ಸಿನಲ್ಲೇ ಕೇಳಿದ.

"ಬೇನೆ ಆಳೆಗ್, ಪತ್ಯ ನಿಕ್ಕ್," ಎಂದರು ಅಜ್ಜ. ನೋವು ಅವಳಿಗೆ, ಪಥ್ಯ ನಿನಗೆ. "ಕೂತಲ್ಲಿಂದ ಅವಳ ಹೆಸರು ಕರೆಯಬಾರದು. ಬೇಕಾದದ್ದನ್ನು ಎದ್ದು ಹೋಗಿ ತೆಗೆದುಕೊಳ್ಳಬೇಕು."

ಶೀನಪ್ಪ ಕೈಯನ್ನು ಸರಕ್ಕನೆ ತೆಗೆದ.

"ಎಂಥ ಹೇಳಿದ್ರು ಅಜ್ಜ?" ಕೇಳಿದಳು ಜಲಜಾಕ್ಷಿ.

"ಲಕ್ಕಿಸೊಪ್ಪು, ಶುಂಠಿ." ಅವನು ಶಾಲು ಸರಿಪಡಿಸಿಕೊಂಡ. "ನೀನೇ ಅರೀಬೇಕಂತೆ. ಅರೆದ್ರೆ ಹೆಗಲು ಸಡಿಲ ಆಗ್ತದಂತೆ."

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಅಜ್ಜ ಹೇಳಿದ್ದಾದ್ರೆ ಸರಿ," ಎಂದಳು.

ಮೂರು ದಿನ ಅವಳೇ ಅರೆದಳು. ಎಡಗೈಯಿಂದ ಬಲಗೈಯನ್ನು ಎತ್ತಿ ಕಲ್ಲಿಗೆ ತಂದು, ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂರುತ್ತಿದ್ದಳು. ನಡುವೆ ಸೆರಗು ಬಿಟ್ಟು ತುಟಿ ಅಲ್ಲಾಡಿಸುತ್ತಿದ್ದಳು. ನೋವಿಗೆ ದೇವರ ಹೆಸರು ಹೇಳುತ್ತಿರಬೇಕು ಎಂದುಕೊಂಡ ಶೀನಪ್ಪ. ಮೊದಲ ದಿನ ಅವನು ಪೇಪರ್ ಓದಿದ. ಎರಡನೆಯ ದಿನ ಅದೇ ಪೇಪರನ್ನು ಮತ್ತೆ ಓದಿದ. ಮೂರನೆಯ ದಿನ ಅವಳು ಕಲ್ಲಿನ ಎದುರು ಬಾಗಿ ಉಸಿರು ಹಿಡಿದು ಕೂತದ್ದನ್ನು ಕಂಡು ಅವನಿಗೆ ಅನ್ನ ಇಳಿಯಲಿಲ್ಲ. ಮೂವತ್ತೈದು ವರ್ಷ ಊರವರ ಕಾಗದಗಳನ್ನು ಒಂದಕ್ಷರ ಬದಲಾಗದಂತೆ ತಲುಪಿಸಿದವನು, ಹೆಂಡತಿಗೆ ಬಂದ ಒಂದೇ ಒಂದು ಮಾತನ್ನು ತಿದ್ದಿ ಕೊಟ್ಟಿದ್ದ. ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಅವನೇ ಕಲ್ಲಿನ ಎದುರು ಕೂತ. "ಅಜ್ಜ ಮದ್ದು ಬದಲಿಸಿದ್ದಾರೆ ಜಲಜಾ. ಇನ್ನು ನಾನು ಅರೀಬೇಕಂತೆ."

"ಹೌದಾ? ಯಾವಾಗ ಹೇಳಿದ್ರು?"

"ಈಗಷ್ಟೆ."

ಅಲ್ಲಿಂದ ಮುಂದೆ ನಲವತ್ತೆಂಟು ದಿನ ಅವನೇ ಅರೆದ. ಅಜ್ಜ "ಇನ್ನೂ ನುಣ್ಣಗೆ" ಎಂಬುದರ ಹೊರತು ಬೇರೇನೂ ಹೇಳಲಿಲ್ಲ. ಅವನು ಬಿಸಿ ಮದ್ದನ್ನು ಹೆಂಡತಿಯ ಹೆಗಲಿಗೆ ಹಚ್ಚಿದ, ಕೂದಲನ್ನು ಬಾಚಿದ (ಬೈತಲೆ ಬಸ್ಸಿನ ದಾರಿಯ ಹಾಗೆ ಅಂಕುಡೊಂಕಾಗಿತ್ತು), ನೀರಿಗೆ ತಾನೇ ಎದ್ದ, ಫ್ಯಾನಿನ ಸ್ವಿಚ್ಚು ಎಲ್ಲಿದೆ ಎಂಬುದನ್ನೂ ಪತ್ತೆ ಮಾಡಿದ. ಅವಳ ಬೆರಳು ಕ್ಯಾಲೆಂಡರಿನ ಮೇಲೆ ವಾರವಾರ ಏರುತ್ತ ಹೋಯಿತು. ಕೊನೆಯ ದಿನ ಜಲಜಾಕ್ಷಿ ಬಲಗೈ ಚಾಚಿ, ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಮತ್ತೆ ತೂಗುಹಾಕಿದಳು. ಶೀನಪ್ಪನ ಕಣ್ಣು ತುಂಬಿತು.

ಕಣ್ಣೊರೆಸಿಕೊಂಡು ಅವನು ನೇರವಾಗಿ ಕುರ್ಚಿಗೆ ಹೋದ. ಕಾಲು ಚಾಚಿದ. "ಜಲಜಾ, ಒಂದು ಚಾ!"

"ನಲವತ್ತೆಂಟು ದಿನ ಹೇಳಿದ್ದು ಮದ್ದಿಗೆ," ಒಳಗಿನಿಂದ ಉತ್ತರ ಬಂತು. "ಪಥ್ಯಕ್ಕೆ ಅಜ್ಜ ದಿನ ಹೇಳ್ಲಿಲ್ಲ."

ಶೀನಪ್ಪನ ಕಾಲು ಹಾಗೇ ನಿಂತಿತು. "ನಿನಗೆ... ಕೇಳಿಸಿತ್ತಾ?"

"ನನ್ನ ಕೈಯೂ ಕಲ್ಲಿನ ಮೇಲೆ ಇತ್ತಲ್ಲ? ಮದ್ದು ಹೇಳುವುದು ರೋಗಿಗೆ ಕೇಳದಿದ್ರೆ ಹೇಗೆ?"

"ಮತ್ತೆ ಆ ಮೂರು ದಿನ ನೀನು ಯಾಕೆ ಅರೆದದ್ದು ಮಾರಾಯ್ತಿ?"

ಜಲಜಾಕ್ಷಿ ಬಾಗಿಲಿಗೆ ಬಂದಳು. "ನೀವು ಎಷ್ಟು ದಿನ ನೋಡಿಕೊಂಡು ಕೂರ್ತೀರಿ ಅಂತ ನೋಡ್ಬೇಕಿತ್ತು."

ಶೀನಪ್ಪ ಮೆಲ್ಲನೆ ಎದ್ದು ಅಡುಗೆಮನೆಗೆ ಹೋಗಿ ಎರಡು ಲೋಟ ಚಾಕ್ಕೆ ನೀರಿಟ್ಟ. ಶುಂಠಿ ಜಜ್ಜಲು ಕಲ್ಲಿನ ಮೇಲೆ ಕೈಯಿಟ್ಟಾಗ ಅದು ಬೆಚ್ಚಗಾಯಿತು.

"ನೀನು ಒಂದೇ ದಿನದಲ್ಲಿ ಕುರ್ಚಿ ಬಿಟ್ಟು ಏಳುತ್ತಿ ಅಂತ ನಾನು ಅವಳಲ್ಲಿ ಪಂಥ ಕಟ್ಟಿದ್ದೆ ಶೀನಾ, ನಮ್ಮ ರಕ್ತ ಅಲ್ವಾ ಅಂತ," ಎಂದರು ಅಜ್ಜ. "ಅವಳು ಮೂರು ಅಂದಿದ್ದಳು."