ತಂಗಿಗೆ ಕೊಟ್ಟ ಒಂದು ಬಾಟಲಿ ನೀರು

ಊರವರೆಲ್ಲರ ಮುಂದೆ ನೀರಿನ ಲೋಟ ಇಡುತ್ತಲೇ ಬದುಕಿದವನಿಗೆ ಒಂದು ಚಟ ಅಂಟುತ್ತದೆ: ಕೊಳೆ ನೀರನ್ನು ಯಾರಿಗೂ ಕೊಡಲು ಕೈ ಬರುವುದಿಲ್ಲ. ನಾನು ಮುಂಬಯಿಯ ಬಾಂದ್ರಾದ ಉಡುಪಿ ಹೋಟೆಲೊಂದರಲ್ಲಿ ಸಪ್ಲೈಯರ್. ನಾಲ್ಕನೆಯ ಕ್ಲಾಸಿಗೇ ಶಾಲೆ ಮುಗಿಸಿದವನು. ಬೆರಳು ಅದ್ದದೆ ಲೋಟ ಹಿಡಿಯುವುದಷ್ಟೇ ನನ್ನ ವಿದ್ಯೆ.

ತಂಗಿ ಸುಜಾತಾ ಘಾಟ್ಕೋಪರಿನಲ್ಲಿದ್ದಾಳೆ, ಪ್ರಯೋಗಾಲಯದಲ್ಲಿ ಕೆಲಸ. ಕುಡಿಯುವ ನೀರಿನಲ್ಲಿರುವ ಸೀಸದಂಥ ವಿಷವನ್ನು ಹಿಡಿದಿಡುವ, ಕಣ್ಣಿಗೇ ಕಾಣದಷ್ಟು ತೆಳುವಾದ ಹಾಳೆ ಮಾಡುತ್ತಾರಂತೆ. "ನೀರುದೋಸೆಗಿಂತ ತೆಳುವಾ?" ಎಂದು ಕೇಳಿದ್ದೆ. "ಅದರ ಮುಂದೆ ನಿನ್ನ ನೀರುದೋಸೆ ಗೋಡೆ ಮಾರಾಯ!" ಅಂದಿದ್ದಳು. ಜೋಗೇಶ್ವರಿಯಲ್ಲಿ ನಾನಿರುವ, ಸಾಲು ಕೋಣೆಗಳ ಹಳೆ ಚಾಳಿಗೆ ಅವಳು ಕಾಲಿಡದೆ ಎರಡು ವರ್ಷವಾಗಿತ್ತು. ಮೆಟ್ರೋ ಬಂದ ಮೇಲೆ ದೂರವೆಂಬ ನೆಪವೂ ನಮಗಿಬ್ಬರಿಗೂ ಉಳಿದಿಲ್ಲ. ನಾನೋ, ಕುಕ್ಕರ್ ಸೀಟಿ ಹೊಡೆದರೂ "ಬಂದೆ" ಎನ್ನುವಷ್ಟು ಒಂಟಿ.

ಒಂದು ಭಾನುವಾರ ಬಾಟಲಿ ಹಿಡಿದುಕೊಂಡು ಬಂದಳು. "ಹಳೆ ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ಬೇಕು ಅಣ್ಣಾ. ಬೆಳಿಗ್ಗೆ ನಲ್ಲಿ ತಿರುಗಿಸಿದ ಕೂಡಲೇ ಹಿಡಿ. ಸೀಸ ಇದ್ರೆ ಇಡೀ ಚಾಳಿಗೆ ನಮ್ಮ ಫಿಲ್ಟರ್ ಹಾಕ್ಲಿಕ್ಕುಂಟು."

ಮರುದಿನ ಬೆಳಿಗ್ಗೆ ಹಿಡಿದೆ. ನೀರು ಕೆಂಪಗಿತ್ತು. ಸುಜಾತಾಳ ಅಣ್ಣ ಇಂಥದ್ದನ್ನು ಕುಡಿಯುತ್ತಾನೆ ಎಂದು ಅವಳ ಆಫೀಸಿನವರು ಆಡಿಕೊಳ್ಳುವುದು ಬೇಡವೆನ್ನಿಸಿತು. ಚೆಲ್ಲಿದೆ. ಹೋಟೆಲಿನ ಫಿಲ್ಟರಿನಿಂದ ಬಾಟಲಿ ತುಂಬಿಸಿ, ಹೊರಗಿನಿಂದ ಒರೆಸಿ, ಗಿರಾಕಿಗೆ ಕೊಟ್ಟಂತೆ ಕೊಟ್ಟೆ.

ವಾರ ಕಳೆದು ಫೋನು ಬಂತು. "ನಿನ್ನ ನೀರು ಚೊಕ್ಕ ಉಂಟು ಅಣ್ಣಾ. ಚಾಳನ್ನು ಲಿಸ್ಟಿನಿಂದ ತೆಗೆದಾಯ್ತು. ಇನ್ನು ನಾನು ಬರುವ ಕೆಲಸ ಇಲ್ಲ."

ನನ್ನ ಹೆಮ್ಮೆ ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತೂ ಬಾಳಲಿಲ್ಲ. ಪಕ್ಕದ ಕೋಣೆಯ ಸುಲಭಾಬಾಯಿ ಅದೇ ಪೈಪಿನ ನೀರಿನಲ್ಲಿ ಮೊಮ್ಮಗುವಿಗೆ ಹಾಲಿನ ಪುಡಿ ಕಲಸುತ್ತಾ, ನೀರು ಹೇಗಿದೆಯಂತೆ ಎಂದು ಕೇಳಿದರು. ತುಂಬ ಚೆನ್ನಾಗಿದೆಯಂತೆ, "ಏಕದಮ್ ಚಾಂಗ್ಲಂ," ಎಂದುಬಿಟ್ಟೆ. ಆ ಮಗು ಬಾಟಲಿ ಚೀಪುವ ಸದ್ದು ಗೋಡೆಯಾಚೆಯಿಂದ ಕೇಳುತ್ತಲೇ ಇತ್ತು. ಎರಡು ದಿನ ತಡೆದೆ. ಆಮೇಲೆ ಸುಲಭಾಬಾಯಿಗೆ ನಿಜ ಹೇಳಿ, ಬೈಸಿಕೊಂಡು, ಮಗುವಿಗೆ ಹೋಟೆಲಿನ ನೀರು ತಂದುಕೊಟ್ಟು, ತಂಗಿಗೆ ಫೋನು ಮಾಡಿದೆ.

ಅವಳು ರೇಗಿದಳು. "ಒಂದು ಮಗು ಕುಡಿಯುವ ನೀರಿನ ವಿಷಯದಲ್ಲಿ ಸುಳ್ಳು ಹೇಳಿದ್ಯಲ್ಲ ಅಣ್ಣಾ! ಇನ್ನು ನಿನ್ನನ್ನು ನಂಬ್ಲಿಕ್ಕಿಲ್ಲ. ಪ್ರತಿ ಶನಿವಾರ ಸಂಜೆ ನಾನೇ ಬಂದು ಅಲ್ಲೇ ಉಳೀತೇನೆ. ಬೆಳಿಗ್ಗೆ ನಾನೇ ಹಿಡೀತೇನೆ. ನಾಲ್ಕು ವಾರ! ನೀನು ನಲ್ಲಿ ಮುಟ್ಟಿದ್ರೆ ನೋಡು."

ತಂಗಿಯ ನಂಬಿಕೆ ಕಳೆದುಕೊಂಡವನು ತಲೆ ತಗ್ಗಿಸಿ ಕೂರಬೇಕಿತ್ತು. ನಾನು ಸ್ಟೇಷನ್ ಹತ್ತಿರದ ಅಂಗಡಿಗೆ ಹೋಗಿ ಇನ್ನೊಂದು ದಿಂಬು ಕೊಂಡೆ. ಯಾಕೆ ನಗುತ್ತಿದ್ದೀರಿ ಎಂದು ಅಂಗಡಿಯವನು ಕೇಳಿದ ಮೇಲೆಯೇ ನಾನು ನಗುತ್ತಿದ್ದೇನೆಂದು ನನಗೆ ತಿಳಿದದ್ದು.