ಭತ್ತದ ಕಣದಿಂದ ಇಂಡಿಯಾ ಟೀಮಿಗೆ

ನಮ್ಮ ದೇಶದ ಪರವಾಗಿ ಆಡಿದವರಲ್ಲೆಲ್ಲ ಅತಿ ಕೆಟ್ಟ ಟೆನಿಸ್ ಆಟಗಾರ್ತಿ ಯಾರು ಗೊತ್ತೆ? ನಮ್ಮತ್ತೆ! ಇದು ನನ್ನ ಅಭಿಪ್ರಾಯವಲ್ಲ ಮತ್ತೆ. ಸೊಸೆಯಾದವಳು ಇಂಥದ್ದನ್ನೆಲ್ಲ ಹೇಳಿ ಅದೇ ಮನೆಯಲ್ಲಿ ಊಟಕ್ಕೆ ಕೂರಲಾದೀತೆ? ಹೇಳಿದವರು ಅವರಿಗೆ ಆಟ ಕಲಿಸಿದ ಗುರುಗಳು, ಅಂದರೆ ನಮ್ಮ ಮಾವ. ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯ ಕಟ್ಟೆಯ ಮೇಲೆ ಕೂತು, ಹಮಾಲರು, ಲಾರಿ ಡ್ರೈವರುಗಳು, ದಲಾಲರು ಎಲ್ಲರೂ ಕೇಳುವ ಹಾಗೆ ಹೇಳಿದ್ದರು. ಒಳಗಿನಿಂದ ಅತ್ತೆಯ ದನಿ ಬಂತು: "ಕಲಿಸಿದವರು ಯಾರ್ರೀ?"

ಕಟ್ಟೆಗೆ ಕಟ್ಟೆಯೇ ಎದ್ದು ಕೆಲಸಕ್ಕೆ ಹೊರಟಿತು!

ಮಾವ ಹರೆಯದಲ್ಲಿ ಧಾರವಾಡಕ್ಕೆ ಬಿ.ಎ. ಓದಲು ಹೋಗಿ, ಬಿ.ಎ. ಅಲ್ಲೇ ಬಿಟ್ಟು ಟೆನಿಸ್ ತಂದವರು. ತಂದರು ಸರಿ, ಆಡುವುದು ಯಾರ ಜೊತೆ? ಊರಲ್ಲಿ ಕುಸ್ತಿಗೆ ಜನ ಇದ್ದರು, ಕಬಡ್ಡಿಗೆ ಇದ್ದರು. ಬಲೆಯ ಆಚೆ ನಿಂತು ಚೆಂಡನ್ನು ವಾಪಸು ಕಳಿಸುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಹಾಗಾಗಿ ಎಮ್ಮಿಗನೂರಿನಿಂದ ಮದುವೆಯಾಗಿ ಬಂದ ಹುಡುಗಿಯ ಕೈಗೆ, ಮೈಯ ಅರಿಶಿನ ಮಾಸುವ ಮೊದಲೇ, ಒಂದು ರ‍್ಯಾಕೆಟ್ ಬಂತು. ಅತ್ತೆ ಈಗಲೂ ನಗುತ್ತಾರೆ: "ಗಂಡನ ಮನ್ಯಾಗ ಏನ್ ಕೊಟ್ರೂ ಒಲ್ಲೆ ಅನಬ್ಯಾಡ ಅಂತ ನಮ್ಮವ್ವ ಹೇಳಿ ಕಳಿಸಿದ್ಲು. ಇಂಥಾದ್ದೊಂದು ಕೊಡ್ತಾರಂತ ಆಕಿಗೇನ್ ಗೊತ್ತವಾ?"

ಕೋರ್ಟು ಎಂದರೆ ಗಿರಣಿಯ ಮುಂದಿನ ಕಣ. ಕುದಿಸಿದ ಭತ್ತ ಒಣಗಿಸುವ ಸಿಮೆಂಟಿನ ಅಂಗಳ. ನಡುವೆ ಬಲೆ, ಸುಣ್ಣದ ಗೆರೆ, ಗೆರೆಯ ಆಚೆ ಸುತ್ತಲೂ ಹರವಿದ ಭತ್ತ. ಕಣದಲ್ಲಿ ಮಳೆನೀರು ನಿಲ್ಲಬಾರದಲ್ಲ, ಅದಕ್ಕೆ ಪೂರ್ವದಿಂದ ಪಶ್ಚಿಮಕ್ಕೆ ಸಣ್ಣದೊಂದು ಇಳಿಜಾರು. ಮಾವ ಯಾವತ್ತೂ ಎತ್ತರದ ಬದಿಗೆ, ಅತ್ತೆ ತಗ್ಗಿಗೆ. ಮಾವನ ಚೆಂಡು ಅತ್ತೆಯ ಕಡೆ ಸರ್ರನೆ ಜಾರಿ ಬರುತ್ತಿತ್ತು. ಅತ್ತೆಯದು ಮಾವನ ಕಡೆ ತೇಕುತ್ತ ಹತ್ತಿ ಹೋಗುತ್ತಿತ್ತು. ಸಾಲದ್ದಕ್ಕೆ ಬೆಳಗಿನ ಸೂರ್ಯ ಮಾವನ ಬೆನ್ನಿಗೆ, ಅತ್ತೆಯ ಕಣ್ಣಿಗೆ!

ಹೊಸದಾಗಿ ಬಂದ ನಾನು, ಕಾನ್ವೆಂಟಿನಲ್ಲಿ ಓದಿದ ಜಂಭ ಬೇರೆ, ಒಮ್ಮೆ ಮೆಲ್ಲಗೆ ಕೇಳಿದೆ: "ಮಾವ, ಆಟದ ನಡುವೆ ಬದಿ ಬದಲಿಸಬೇಕಲ್ಲವಾ?"

"ಬದಲಿಸಬೇಕು ತಾಯಿ. ಆದ್ರ ಗಿರಣಿ ಮಾಲಕ ತಗ್ಗಿನ್ಯಾಗ ನಿಂತ್ರ ಹಮಾಲರ ಮುಂದ ಏನ್ ಛಂದ?"

ನಿಯಮ ಪುಸ್ತಕದಲ್ಲಿಲ್ಲದ ಇನ್ನೊಂದು ನಿಯಮವೂ ಇತ್ತು. ಚೆಂಡನ್ನು ಯಾರು ಭತ್ತಕ್ಕೆ ಹೊಡೆಯುತ್ತಾರೋ ಅವರೇ ಹೋಗಿ ತರಬೇಕು. ತರುವಾಗ ಬರಿಗಾಲಲ್ಲಿ ಭತ್ತ ತಿರುವುತ್ತ ಬರಬೇಕು. ಕಾಲೆತ್ತದೆ, ಪಾದ ಎಳೆಯುತ್ತ, ಸಾಲು ಬೀಳುವ ಹಾಗೆ. ಆಟವೂ ಆಯಿತು, ಭತ್ತವೂ ಒಣಗಿತು! ಇದರಿಂದ ಅತ್ತೆಗೆ ಒಂದು ಚಟ ಅಂಟಿತು. ಚಿಂತೆ ಹತ್ತಿದರೆ ಸಾಕು, ಅಡುಗೆಮನೆಯಾದರೂ ಸರಿ, ಅಕ್ಕಪಕ್ಕದವರ ಮದುವೆಯ ಮಂಟಪವಾದರೂ ಸರಿ, ಕಾಲೆಳೆದು ಸಾಲು ಬಿಡತೊಡಗುತ್ತಿದ್ದರು.

ಅಷ್ಟರಲ್ಲಿ ಅದಿರಿನ ಕಾಲ ಬಂತು. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಹೊರಟ ಕಾಲ. ಹೊಸಪೇಟೆಯಲ್ಲಿ ಒಗೆದು ಹರವಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು. ನಮ್ಮ ಮನೆಯವರೂ ಅಲ್ಲೇ ಲಾರಿ ಬಿಡಿಭಾಗಗಳ ಅಂಗಡಿ ಹಾಕಿದ್ದರು. ಒಂದು ದಿನ, ಕೊರಳ ತುಂಬ ಚಿನ್ನ ಹಾಕಿಕೊಂಡ ಏಜೆಂಟನೊಬ್ಬ ಕಾರಿನಿಂದ ಇಳಿದು ಕಣವನ್ನು ಈ ತುದಿಯಿಂದ ಆ ತುದಿಗೆ ನೋಡಿದ.

"ಸಾವ್ಕಾರ್ರ, ಇದನ್ನ ಬಾಡಿಗಿ ಕೊಡ್ರಿ. ಅದಿರು ಹಾಕ್ತೀವಿ. ಈ ಭತ್ತದಾಗ ಏನೈತ್ರಿ ಇನ್ನ?"

ಮಾವ ಗಂಭೀರವಾಗಿ ಅಂದರು: "ಕೊಡಬೋದಿತ್ತಪಾ. ಆದ್ರ ಇಕಿ ಎಲ್ಲಿ ನಿಂತು ಸರ್ವ್ ಮಾಡ್ಬೇಕು?"

ಅವನು ತಮಾಷೆ ಅಂದುಕೊಂಡು ಹೊಟ್ಟೆ ಹಿಡಿದು ನಕ್ಕ. ಅವನೊಬ್ಬನೇ ನಕ್ಕಿದ್ದು.

ಇನ್ನು ಇಂಡಿಯಾ ಟೀಮಿನ ಕತೆ. ವಯಸ್ಸಾದ ಹವ್ಯಾಸಿಗಳಿಗೂ ದೇಶದೇಶಗಳ ನಡುವೆ ಟೀಮು ಕಟ್ಟಿ ಆಡಿಸುತ್ತಾರೆ. ಖರ್ಚು ಮಾತ್ರ ಅವರವರದೇ. ಮಾವನಿಗೆ ಅದರ ಹುಚ್ಚು. ಪ್ರತಿ ವರ್ಷ ಹಿರಿಯರ ಪಂದ್ಯಕ್ಕೆ ಬೆಂಗಳೂರಿಗೆ ಹೋಗುವುದು, ಮೊದಲ ಸುತ್ತಿನಲ್ಲೇ ಸೋಲುವುದು, "ಕೋರ್ಟು ಸಪಾಟ ಐತಿ, ಆಡಾಕ ಬರಂಗಿಲ್ಲ" ಎಂದು ಬೈಯುತ್ತ ಬರುವುದು. ಆ ವರ್ಷ ಜೊತೆಗೆ ಅತ್ತೆಯ ಹೆಸರನ್ನೂ ಕೊಟ್ಟರು. ಅರವತ್ತು ದಾಟಿದ ಹೆಂಗಸರ ವಿಭಾಗದಲ್ಲಿ ಇದ್ದವರೇ ಮೂವರು! ಒಬ್ಬರಿಗೆ ಮೊಣಕಾಲು ಹಿಡಿದಿತ್ತು, ಆಡಲಿಲ್ಲ. ಅತ್ತೆ ಒಂದು ಚೆಂಡನ್ನೂ ಮುಟ್ಟದೆ ಫೈನಲ್ಲಿಗೆ ಬಂದರು. ಅಲ್ಲಿ ಸೋತರು. ಆದರೂ ಎರಡನೇ ಬಹುಮಾನದ ಕಪ್ಪು ಬಂತು. ಮಾವ ವಾಪಸು ಬರುವಾಗ ರೈಲಿನಲ್ಲಿ ಆ ಕಪ್ಪಿನಲ್ಲೇ ಚಹಾ ಕುಡಿದರಂತೆ.

ಅಲ್ಲಿಯವರೆಗೆ ಎಲ್ಲ ನಗೆಯೇ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಂತು. ಇಂಗ್ಲಿಷಿನ ಫೋನು, ಹಾಗಾಗಿ ನಾನೇ ಎತ್ತಿದೆ. "ಇಂಡಿಯಾ ಟೀಮ್" ಎಂಬ ಮಾತು ನನ್ನ ಬಾಯಿಂದ ಬಿದ್ದದ್ದೇ ತಡ, ಮಾವ ಅರ್ಧ ಊಟದಲ್ಲಿ ಎದ್ದು ಕೈ ತೊಳೆದು ಒರೆಸಿಕೊಂಡರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಫೋನಿಗೆ ಕೈ ಚಾಚಿ ನಿಂತರು.

ನಾನು ಹೇಗೆ ಹೇಳಲಿ? "ಮಾವ... ಅತ್ತೆಗಂತೆ."

ಹೆಂಗಸರ ಟೀಮಿಗೆ ಮೂರನೆಯವರು ಸಿಕ್ಕಿರಲಿಲ್ಲ. ಗಂಡಸರದು ಭರ್ತಿಯಾಗಿತ್ತು.

ಮಾವ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಒದ್ದೆಯಿಲ್ಲದ ಆ ಕೈಯನ್ನೇ ಮತ್ತೊಮ್ಮೆ ಟವೆಲಿನಲ್ಲಿ ಒರೆಸಿಕೊಂಡರು. "ಛಲೋ ಆತು," ಎಂದರು. ಅಷ್ಟೇ.

ಮರುದಿನ ಬೆಳಿಗ್ಗೆ ಅತ್ತೆ ಕಚ್ಚೆ ಹಾಕಿ ಕಣಕ್ಕೆ ಬಂದು ನೋಡಿದರೆ ಬಲೆ ಇಲ್ಲ. ಕಣದ ತುಂಬ ಭತ್ತ! ಗೆರೆ ಕಾಣದ ಹಾಗೆ, ಮೂಲೆ ಮೂಲೆಗೂ.

"ಭಾಳ ಭತ್ತ ಬಂದೈತಿ," ಎಂದರು ಮಾವ, ಪೇಪರಿನಿಂದ ತಲೆ ಎತ್ತದೆ. ಅದು ಸುಗ್ಗಿಯ ಕಾಲವೇ ಅಲ್ಲ. ಗೋದಾಮಿನ ಹಳೇ ಭತ್ತವನ್ನೆಲ್ಲ ತಂದು ಹರವಿಸಿದ್ದರು.

"ನೀವು ಬ್ಯಾಡ ಅಂದ್ರ ನಾ ಹೋಗಂಗಿಲ್ರಿ."

"ನಾ ಯಾಕ ಬ್ಯಾಡ ಅನ್ಲಿ? ದೇಶ ಕರದೈತಿ. ನನಗೇನ್ ಕರದಿಲ್ಲ."

ಮದುವೆಯಾದಾಗಿನಿಂದ ಒಂದು ಬೆಳಗೂ ತಪ್ಪದ ಆಟ ಹೀಗೆ ನಿಂತುಹೋಯಿತು. ಅತ್ತೆಗೆ ಟೀಮಿನ ಚಿಂತೆ ಇರಲಿಲ್ಲ. ರಾತ್ರಿ ರೊಟ್ಟಿ ತಟ್ಟುವಾಗ ನನ್ನೊಬ್ಬಳಿಗೇ ಕೇಳುವ ಹಾಗೆ ಅಂದರು: "ಸೋತ್ರ ಸೋಲ್ತೀನಿ, ಹೋಗ್ಲಿ. ಇವರು ಮತ್ತ ನನ್ನ ಕೂಡ ಆಡ್ತಾರೋ ಇಲ್ಲೋ, ಅದ ಚಿಂತಿ ಆಗೈತಿ." ಬೇಡವೆಂದುಬಿಡುವಷ್ಟು ಮನಸ್ಸೂ ಇಲ್ಲ, ಹೋಗುವಷ್ಟು ಧೈರ್ಯವೂ ಇಲ್ಲ. ಕಾಲಡಿಯಲ್ಲಿ ಸಾಲುಗಳು ಬೀಳತೊಡಗಿದವು. ಅಭ್ಯಾಸಕ್ಕೆ ಗಿರಣಿಯ ಹಿಂದಿನ ಗೋಡೆಯೇ ಗತಿ. ನಾನೂ ಚೆಂಡು ಎಸೆದೆ; ಎಸೆದೆ ಎನ್ನುವುದಕ್ಕಿಂತ ತಾಟಿಗೆ ಉಂಡಿ ಬಡಿಸಿದೆ ಎಂದರೆ ಸರಿ.

ಊರಿನವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರು ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿದರು. ಸೆರಗು ಹೊದ್ದ ಅತ್ತೆ, ಕೈಯಲ್ಲಿ ಕಂಪ್ಯೂಟರಿನವನು ಅಂಟಿಸಿದ ಶಟಲ್ ಬ್ಯಾಟು! ಮಾವ ದಿನಾ ಅದರ ಕೆಳಗೇ ಹಾದುಹೋದರು, ಒಮ್ಮೆಯೂ ಕತ್ತೆತ್ತಲಿಲ್ಲ.

ಪಂದ್ಯ ಟರ್ಕಿ ದೇಶದ ಕಡಲತಡಿಯ ಊರಲ್ಲಿ. ಇಂಗ್ಲಿಷ್ ಮಾತಾಡಲು ಸೊಸೆ ಬೇಕೇ ಬೇಕೆಂದು ಅತ್ತೆ ನನ್ನನ್ನೂ ಎಳೆದುಕೊಂಡು ಹೋದರು. ಟೀಮಿನ ಉಳಿದಿಬ್ಬರು, ಪುಣೆಯ ಡಾಕ್ಟರಮ್ಮ ಮತ್ತು ಚೆನ್ನೈನ ಟೀಚರಮ್ಮ, ಬಿಳಿ ಸ್ಕರ್ಟು ತೊಟ್ಟರು. ನಮ್ಮತ್ತೆ ನನ್ನ ಬಿಳಿ ಚೂಡಿದಾರಿನ ಪೈಜಾಮ, ಮೇಲೆ ಇಂಡಿಯಾದ ನೀಲಿ ಅಂಗಿ, ಹಣೆಗೆ ವಿಭೂತಿ. ಹಸಿರು ಬಳೆಗಳ ಸದ್ದಿಗೆ ಎದುರಿನವರು ತಕರಾರು ಮಾಡಿದಾಗ, ಬಳೆ ತೆಗೆಯಲಿಲ್ಲ. ಮೇಲೆ ಕರ್ಚೀಫು ಕಟ್ಟಿಕೊಂಡರು.

ಕೋರ್ಟು ನೋಡಿ ಅತ್ತೆಗೆ ಬೆರಗು. "ಯವ್ವಾ, ಇಲ್ಲೂ ಅದಿರಿನ ದೂಳು ಬಂದೈತಲ್ಲ!" ಅದು ಕೆಂಪು ಮಣ್ಣಿನ ಕೋರ್ಟು.

ಮೊದಲ ಆಟ ಕಣ್ಣಿಂದ ನೋಡುವ ಹಾಗಿರಲಿಲ್ಲ. ಇಳಿಜಾರಿನಲ್ಲಿ ಜಾರಿ ಬರುವ ಚೆಂಡಿಗೆ ಹೊಂದಿದ ಕೈಗೆ ಈ ಸಪಾಟು ನೆಲದ ಚೆಂಡು ಎತ್ತಿನ ಗಾಡಿ. ಅತ್ತೆ ಮೊದಲೇ ಬೀಸಿಬಿಡುವರು. ಚೆಂಡು ಆಮೇಲೆ ಸಾವಕಾಶವಾಗಿ ಬಂದು, ಕುಶಲ ವಿಚಾರಿಸಿ ಹೋಗುವುದು! ಚಿಂತೆ ಹತ್ತಿತು ನೋಡಿ, ಶುರುವಾಯಿತು. ಬೂಟುಗಾಲು ಎಳೆಯುತ್ತ ಕೋರ್ಟಿನ ಉದ್ದಕ್ಕೂ ನೀಟಾಗಿ ಸಾಲು ಬಿಟ್ಟರು. ಚೆಂಡು ಸಾಲಿಗೆ ಬಿದ್ದು ಎಲ್ಲೆಲ್ಲೋ ಹಾರಿತು. ಎದುರಿನಾಕೆ ಕೂಗಿದಳು. ಅಂಪೈರು ಇಳಿದು ಬಂದು, ಇದೇನೆಂದು ನನ್ನನ್ನು ಕೇಳಿದ.

ನಮ್ಮ ಕಾನ್ವೆಂಟಿನ ಸಿಸ್ಟರುಗಳು ಭತ್ತ ತಿರುವುವುದಕ್ಕೆ ಇಂಗ್ಲಿಷ್ ಕಲಿಸಿರಲಿಲ್ಲ. "ಅವರು ಯೋಚನೆ ಮಾಡುತ್ತಿದ್ದಾರೆ," ಎಂದೆ.

"ಕಾಲೆತ್ತಿಕೊಂಡು ಯೋಚಿಸಲು ಹೇಳಿ," ಎಂದ.

ದಿನಾ ಸೋಲು, ದಿನಾ ಸಂಜೆ ಊರಿಗೆ ಫೋನು. ಅತ್ತೆಯದು ಒಂದೇ ಪ್ರಶ್ನೆ: "ಕಣದಾಗಿನ ಭತ್ತ ತೆಗದಾರೇನು ಕೇಳು." ನಮ್ಮ ಮನೆಯವರದು ಒಂದೇ ಉತ್ತರ: "ಇಲ್ಲ."

ಕೊನೆಯ ಪಂದ್ಯ ಐರ್ಲೆಂಡಿನ ಮೇಲೆ. ಸೋತವರು ಕಟ್ಟಕಡೆಯ ಸ್ಥಾನಕ್ಕೆ! ನಮ್ಮವರು ಒಂದು ಸೋತು, ಒಂದು ಗೆದ್ದು, ಉಳಿದದ್ದು ಅತ್ತೆಯ ಆಟ. ಎದುರಿಗೆ ತಾಳೆಮರದಂಥ ಹೆಂಗಸು. ಅಷ್ಟು ದಿನಗಳಲ್ಲಿ ಅತ್ತೆ ಕಾಯುವುದನ್ನು ಕಲಿತಿದ್ದರು. "ಇಲ್ಲಿ ಚೆಂಡಿಗೆ ಅವಸರಾನ ಇಲ್ಲವಾ," ಎಂದು ನನಗೆ ಹೇಳಿ ಹೋದವರು, ನಿಂತು, ನೋಡಿ, ಹೊಡೆದರು. ಇಳಿಜಾರಿನ ತಗ್ಗಿನಲ್ಲಿ, ಸೂರ್ಯನಿಗೆ ಎದುರಾಗಿ ಆಡಿದವರಿಗೆ ನೆರಳಿನಲ್ಲಿ ಬರುವ ಚೆಂಡು ಯಾವ ಲೆಕ್ಕ? ಕೊನೆಗೆ ಆ ಹೆಂಗಸು ದೂರ ಹಿಂದೆ ನಿಂತಿದ್ದಾಗ, ಅತ್ತೆ ಮೊರದಲ್ಲಿ ಅಕ್ಕಿ ಕೇರುವಾಗ ಮಣಿಕಟ್ಟು ಮೆಲ್ಲಗೆ ಕೊಡವುತ್ತಾರಲ್ಲ, ಹಾಗೆ ಕೊಡವಿದರು. ಚೆಂಡು ಬಲೆಯನ್ನು ಸವರಿ ಆಚೆ ಬಿದ್ದು ಅಲ್ಲೇ ಕೂತಿತು.

ಗೆದ್ದರು! ಡಾಕ್ಟರಮ್ಮ, ಟೀಚರಮ್ಮ ಓಡಿಬಂದು ತಬ್ಬಿಕೊಂಡರು. ಅತ್ತೆ ಮಾತ್ರ ಅವರ ಭುಜದ ಮೇಲಿಂದ ನನ್ನನ್ನೇ ನೋಡಿ ಅಂದರು: "ನಿಮ್ಮ ಮಾವನವರಿಗೆ ಹೇಳಬ್ಯಾಡ."

ಹೇಳುವುದಿಲ್ಲವೆಂದೆ. ಗಂಡನಿಗಷ್ಟೇ ಹೇಳಿ, ಯಾರಿಗೂ ಹೇಳಬೇಡಿ ಎಂದೆ. ನಮ್ಮ ಮನೆಯವರ ಹೊಟ್ಟೆಯಲ್ಲಿ ಮಾತು ನಿಂತದ್ದುಂಟೆ?

ಬೆಂಗಳೂರಿನಿಂದ ಬಂದ ನಮ್ಮ ರೈಲನ್ನು ಹೊಸಪೇಟೆಯ ಹೊರಗೆ ನಿಲ್ಲಿಸಿ, ಅದಿರಿನ ಗೂಡ್ಸುಗಳನ್ನು ಒಂದಾದ ಮೇಲೊಂದು ಬಿಟ್ಟರು. ಕೊನೆಗೂ ಪ್ಲಾಟ್‌ಫಾರಂ ಬಂದಾಗ, ಮಗ ಬರಬೇಕಾದ ಕಡೆ ಮಾವ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪೇಪರು. ಅತ್ತೆ ಸೆರಗು ಸರಿಮಾಡಿಕೊಂಡರು.

"ಏನಾತು?" ಮಾವ ಕೇಳಿದರು.

"ಸೋತೆನ್ರಿ. ಎಲ್ಲಾನೂ ಸೋತೆ. ಮತ್ತ ಮೊದಲಿಂದ ನಿಮ್ಮ ಹತ್ರ ಕಲಿಬೇಕು."

ಮಾವ ಅವರ ಮುಖ ನೋಡಿದರು. "ಸುಳ್ಳು ಹೇಳೂದನ್ನ ಮಾತ್ರ ನಾ ಕಲಿಸಿದ್ದಿಲ್ಲ. ಮಗ ಅವತ್ತ ಹೇಳ್ಯಾನ."

ಅತ್ತೆ ತಲೆ ತಗ್ಗಿಸಿದರು. "ಗೆದ್ದೆ ಅಂದ್ರ ಇನ್ನ ನನ್ನ ಕೂಡ ಆಡಂಗಿಲ್ಲ ಅಂತ ಅಂಜಿಕಿ ಬಂತ್ರಿ."

ಪಕ್ಕದ ಹಳಿಯ ಮೇಲೆ ಇನ್ನೊಂದು ಗೂಡ್ಸು ಹಾಯತೊಡಗಿತು. ಅದು ಮುಗಿದ ಮೇಲೆ ಮಾವ ಕೈಯಲ್ಲಿದ್ದ ಪೇಪರನ್ನು ಬಿಗಿಯಾಗಿ ಸುತ್ತಿ, ಅತ್ತೆಯ ಮುಂದೆ ಹಿಡಿದರು.

"ಆ ಕೊನೀ ಹೊಡತ ಹೆಂಗ ಹೊಡದಿ, ತೋರ್ಸು."

"ಇಲ್ಲೇನ್ರಿ? ಮಂದಿ ನೋಡ್ತಾರ."

"ನೋಡ್ಲಿ. ನಾನೂ ನೋಡಿಲ್ಲಲ್ಲ."

ಅತ್ತೆ ಪೇಪರು ಹಿಡಿದು ಮೆಲ್ಲಗೆ ಕೊಡವಿ ತೋರಿಸಿದರು. ಮಾವ ಇಸಿದುಕೊಂಡು ತಾವೂ ಬೀಸಿದರು. ಚಹಾದವನು ಹಿಂದಕ್ಕೆ ಸರಿದ.

"ಹಂಗ ಬಡೀಬ್ಯಾಡ್ರಿ," ಎಂದರು ಅತ್ತೆ. "ಅಕ್ಕಿ ಚೆಲ್ಲತಾವ."

ಹುಟ್ಟಿದಾಗಿನಿಂದ ಅಕ್ಕಿಯ ನಡುವೆಯೇ ಬದುಕಿ, ಒಂದು ದಿನವೂ ಮೊರ ಹಿಡಿಯದ ಆ ಕೈಯನ್ನು ಅತ್ತೆ ಮಣಿಕಟ್ಟಿನ ಹತ್ತಿರ ಹಿಡಿದುಕೊಂಡರು. ಮಾವ ಬಿಗಿ ಸಡಿಲಿಸಿ, ಕೈಯನ್ನು ಅವರಿಗೇ ಬಿಟ್ಟುಕೊಟ್ಟು, ಕಣ್ಣು ಕಿರಿದು ಮಾಡಿ ಕಲಿಯತೊಡಗಿದರು. ಹೊರಗೆ ನಮ್ಮ ಕಾರಿನವನು ಹಾರ್ನ್ ಹೊಡೆದ. ನಾನು ಪೆಟ್ಟಿಗೆಯ ಮೇಲೆ ಕೂತೆ.