ಇನ್ನೊಂದು ಢಿಕ್ಕಿ

ಕಾಶಿನಾಥನ ತಲೆಗೆ ಪೆಟ್ಟು ಬೀಳಲು ಕಾರಣ ಒಂದು ಉಳ್ಳಾಗಡ್ಡಿ.

ಮುಂಬಯಿಯ ಭಾಂಡುಪಿನ ಅವನ ಬಿಲ್ಡಿಂಗಿನಲ್ಲಿ ಎದುರು ಮನೆಯ ದೇವಕ್ಕ ಸಂತೆ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಚೀಲದ ಹರಕಿನಿಂದ ಉಳ್ಳಾಗಡ್ಡಿಯೊಂದು ಜಾರಿ, ಹಿಂದೆಯೇ ಬರುತ್ತಿದ್ದ ಕಾಶಿನಾಥನ ಚಪ್ಪಲಿಯ ಹತ್ತಿರ ಬಂದು ನಿಂತಿತು. ಕಾಶಿನಾಥ ಉಪಕಾರಿ. ಎತ್ತಿಕೊಡಲು ಬಗ್ಗಿದ. ದೇವಕ್ಕ ಸ್ವಾಭಿಮಾನಿ. ತನ್ನ ಉಳ್ಳಾಗಡ್ಡಿ ತಾನೇ ಎತ್ತಿಕೊಳ್ಳಲು ಬಗ್ಗಿದಳು. ಎರಡು ತಲೆಗಳು ಟಪ್ ಎಂದು ತಾಗಿದವು. ಅದು ಪೆಟ್ಟೇ ಅಲ್ಲ. ಇಬ್ಬರೂ ನಕ್ಕರು.

"ಬರ್ತೀನ್ರಿ ದೇವಕ್ಕಾ," ಎಂದು ಕಾಶಿನಾಥ ಮೆಟ್ಟಿಲು ಮುಗಿಸಿ ತನ್ನ ಮನೆ ಬಾಗಿಲ ಕಡೆ ತಿರುಗಿದ.

"ಎಲ್ಲಿಗಿ ಹೊಂಟ್ರಿ ಅಣ್ಣಾರ? ನಿಂದರ್ರಿ! ಒಂದ ಸಲ ಢಿಕ್ಕಿ ಹೊಡದು ಹಂಗ ಹೋದ್ರ ತಲಿ ಮ್ಯಾಲ ಕೋಡ ಮೂಡ್ತಾವ. ಇನ್ನೊಂದ ಸಲ ಹೊಡೀರಿ."

ಈ ವಿಷಯ ವಿಜಯಪುರದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅಲ್ಲಿಯವನೇ ಆದ ಕಾಶಿನಾಥನಿಗೂ ಗೊತ್ತಿತ್ತು. ಆದರೆ ಪರರ ಮನೆಯ ಹೆಣ್ಣುಮಗಳಿಗೆ ತಾನಾಗಿ ಢಿಕ್ಕಿ ಹೊಡೆಯುವುದು ಹೇಗೆ? ಸಂಕೋಚದಿಂದ ಕಣ್ಣು ಮುಚ್ಚಿ, ಕತ್ತು ಸಡಿಲ ಬಿಟ್ಟು, ತಲೆಯನ್ನಷ್ಟೇ ಮುಂದೆ ಚಾಚಿ ನಿಂತ. ದೇವಕ್ಕ ಯಾವ ಕೆಲಸವನ್ನೂ ಅರೆಮನಸ್ಸಿನಿಂದ ಮಾಡುವವಳಲ್ಲ. ತುಸು ಹಿಂದೆ ಸರಿದು ಓಡಿ ಬಂದು ಕೊಟ್ಟಳು. ಕಾಶಿನಾಥ ಹಿಂದಕ್ಕೆ ಹಾರಿ, ಗೋಡೆಯ ಕಬ್ಬಿಣದ ಮೀಟರ್ ಪೆಟ್ಟಿಗೆಗೆ ಬಡಿದು, ಕಟ್ಟೆ ಕುಸಿದಂತೆ ಕುಸಿದ. ದೇವಕ್ಕ ತನ್ನ ಸೆರಗು ಸರಿಮಾಡಿಕೊಂಡು, "ಈಗ ಭಯ ಇಲ್ಲ ನೋಡ್ರಿ," ಎಂದಳು.

ಡಾಕ್ಟರು ಅದಕ್ಕೆ ಕಂಕಶನ್ ಎಂದರು. ಮೆದುಳು ಒಳಗೇ ಅಲುಗಿದೆ, ಬೆಳಕು ಬೇಡ, ಸದ್ದು ಬೇಡ, ಮೊಬೈಲು ಬೇಡ, ಸುಮ್ಮನೆ ಮಲಗಬೇಕು ಎಂದರು. ಕಾಶಿನಾಥನ ಹೆಂಡತಿ ಶಿವಕುಮಾರಿಯನ್ನು ಕರೆದು, "ನಡುನಡುವೆ ಇವತ್ತು ಯಾವ ವಾರ ಅಂತ ಕೇಳ್ತಾ ಇರಿ. ಉತ್ತರ ತಪ್ಪಿದ್ರೆ ತಕ್ಷಣ ಕರ್ಕೊಂಡು ಬನ್ನಿ," ಎಂದು ಎಚ್ಚರಿಸಿದರು. ಶಿವಕುಮಾರಿಯ ಹಿಂದೆ ದೇವಕ್ಕ ನಿಂತಿದ್ದಳು. ಸಂಜೆಯೊಳಗೆ ಬಿಲ್ಡಿಂಗಿಗೆಲ್ಲ ಸುದ್ದಿ ಮುಟ್ಟಿತು. ದೇವಕ್ಕನ ಬಾಯಲ್ಲಿ ಕಂಕಶನ್ನು ಕನ್ಸೆಶನ್ ಆಗಿತ್ತು. ಕಾಶಿನಾಥನಿಗೆ ಡಾಕ್ಟರು ಕನ್ಸೆಶನ್ ಕೊಟ್ಟಿದ್ದಾರೆಂದು ತಿಳಿದು ಕೆಳಮನೆಯವರೊಬ್ಬರು ಆ ದವಾಖಾನೆಯ ವಿಳಾಸ ಕೇಳಿಕೊಂಡು ಹೋದರು. ಉಳಿದವರೆಲ್ಲ ಬಂದು ಇವತ್ತು ಯಾವ ವಾರ ಎಂದು ಕೇಳಿ ಹೋದರು.

ಆಫೀಸಿಗೆ ಏನು ಹೇಳುವುದು? ಹೆಂಗಸೊಬ್ಬಳು ತಲೆಯಿಂದ ಗುದ್ದಿ ಕೆಡವಿದಳೆಂದು ಯಾವ ಗಂಡಸು ಹೇಳಿಕೊಂಡಾನು? ಓಡುವ ಲೋಕಲ್ಲಿನಿಂದ ಬೀಳಲಿದ್ದ ಮುದುಕರೊಬ್ಬರನ್ನು ಹಿಡಿದೆಳೆಯುವಾಗ ಕಂಬ ಬಡಿಯಿತು ಎಂದು ಫೋನಿನಲ್ಲಿ ಹೇಳಿಬಿಟ್ಟ. ಮಾಲಕರಾದ ಬಸವಂತರಾಯರು ನಂಬಿಬಿಟ್ಟರು. "ಶಾಬಾಸ್ ತಮ್ಮಾ," ಎಂದರು.

ಅವನ ಆಫೀಸು ಇರುವುದು ಫೋರ್ಟಿನಲ್ಲಿ. ಶಾಲೆ, ಕಾರ್ಖಾನೆಗಳಿಗೆ ಬೆಲ್ಲು, ಸೈರನ್ನು ಮಾರುವ ವ್ಯಾಪಾರ. ಕಾಶಿನಾಥನ ಟೇಬಲ್ಲು ಇದ್ದದ್ದು ಬೆಲ್ಲುಗಳನ್ನು ಬಾರಿಸಿ ಪರೀಕ್ಷಿಸುವ ಮೇಜಿನ ಮಗ್ಗುಲಲ್ಲೇ. ಅವನ ಜೀವಮಾನದ ಆಸೆ ಒಂದೇ, ಹೆಡ್ ಕ್ಲಾರ್ಕ್ ಆಗುವುದು. ಹೆಡ್ ಕ್ಲಾರ್ಕಿಗೆ ಗಾಜಿನ ಪುಟ್ಟ ಕೋಣೆಯಿದೆ. ಬಾಗಿಲು ಹಾಕಿಕೊಂಡರೆ ಜಗತ್ತಿನ ಯಾವ ಗಂಟೆಯೂ ಕೇಳುವುದಿಲ್ಲ. ಹಳೆಯ ಹೆಡ್ ಕ್ಲಾರ್ಕರು ನಿವೃತ್ತರಾದರೆ ಆ ಕೋಣೆ ತನ್ನದೇ ಎಂದು ಕಾದಿದ್ದ. ಅವರು ಇವನು ಹಾಸಿಗೆ ಹಿಡಿದಾಗಲೇ ನಿವೃತ್ತರಾದರು.

ಮೂರು ವಾರ ಕಳೆದ ಮೇಲೆ, ಒಂದು ರವಿವಾರ ಸಂಜೆ ಆಫೀಸಿನ ಸಚಿನ ಫೋನು ಮಾಡಿದ.

"ಕಾಕಾ, ತುಮ್ ಆರಾಮ್ ಕರೋ. ಶುಕ್ರವಾರ ರಾಯರು ನಂಗೆ ಹೇಳಿದ್ರು, ಹೆಡ್ಡೇ ಸರಿ ಇಲ್ಲದಂವನ್ನ ಹೆಡ್ ಮಾಡೂದು ಹ್ಯಾಂಗ ಅಂತ. ಸೋ, ನಾನೇ ಹೆಡ್. ನಾಳೆ ಸಂಜಿಗೆ ಎಲ್ಲರ ಮುಂದೆ ಅನೌನ್ಸ್. ಪೇಡೆ ಭೀ ಆಯೇಗಾ. ನಿಮ್ಗೆ ಒಂದು ತೆಗ್ದಿಡ್ತೀನಿ."

ಆ ಒಂದು ಪೇಡೆ ಕಾಶಿನಾಥನನ್ನು ಹಾಸಿಗೆಯಿಂದ ಎಬ್ಬಿಸಿತು.

ಸೋಮವಾರ ಬೆಳಿಗ್ಗೆ ಅವನು ತಯಾರಾಗಿ ನಿಂತಾಗ ಶಿವಕುಮಾರಿ ಬಾಗಿಲಿಗೆ ಅಡ್ಡ ನಿಂತಳು.

"ನೆಟ್ಟಗ ಆರಾಮ ಆಗಿಲ್ಲ. ಇನ್ನಾ ಮಾತು ತಪ್ಪತಾವ ನಿಮಗ."

"ಏನೂ ತಪ್ಪಂಗಿಲ್ಲ. ಆ ರೊಟ್ಟಿ ಕೊಡು, ಕಾಲಿಗೆ ಹಾಕ್ಕೊಂಡ ಹೊಂಡ್ತೀನಿ."

ಶಿವಕುಮಾರಿ ಬೂಟು ತಂದು ಕೊಟ್ಟು ಹಣೆ ಚಚ್ಚಿಕೊಂಡಳು. "ಇವತ್ತ ಯಾವ ವಾರ ಹೇಳ್ರಿ?"

"ಸೋಮವಾರ!"

ಉತ್ತರ ಸರಿಯಿದ್ದುದರಿಂದ ಬಿಡದೆ ವಿಧಿಯಿರಲಿಲ್ಲ. ಬೆಳಕಿಗೆಂದು ಕಪ್ಪು ಕನ್ನಡಕ ಹಾಕಿ, ಸದ್ದಿಗೆಂದು ಎರಡೂ ಕಿವಿಗೆ ಹತ್ತಿ ತುರುಕಿ ಕಳಿಸಿದಳು. ಮೆಟ್ಟಿಲಲ್ಲಿ ದೇವಕ್ಕ ಕಾದಿದ್ದಳು. ಪಾಪಪ್ರಜ್ಞೆಯಿಂದ ಬೆಂದಿದ್ದ ಆಕೆ ಗಂಡನ ಉಣ್ಣೆಯ ಮಂಕಿ ಟೋಪಿ ತಂದು, ಮತ್ತೆಲ್ಲಾದರೂ ತಗುಲಿದರೆ ಮೆತ್ತಗಿರಲೆಂದು, ಬೇಡವೆಂದರೂ ಕೇಳದೆ ಅವನ ತಲೆಗೆ ಇಳಿಸಿದಳು. ಮುಂಬಯಿಯ ಆ ಸೆಕೆಯಲ್ಲಿ ಮಂಕಿ ಟೋಪಿ, ಕಪ್ಪು ಕನ್ನಡಕ ಧರಿಸಿ ಕಾಶಿನಾಥ ಸ್ಟೇಷನ್ನಿಗೆ ಹೊರಟಾಗ ಬೀದಿನಾಯಿಗಳು ಕೂಡ ಎದ್ದು ದಾರಿ ಬಿಟ್ಟವು.

ಲೋಕಲ್ಲಿನಲ್ಲಿ ಆದದ್ದೇ ಬೇರೆ. ಎಂದೂ ಸಿಗದ ಸೀಟು ಹತ್ತಿದ ಕೂಡಲೇ ಸಿಕ್ಕಿತು. ಜನ ತನ್ನನ್ನು ಗೌರವಿಸುತ್ತಿದ್ದಾರೆಂದು ಕಾಶಿನಾಥ ಹಿಗ್ಗಿದ. ದಾದರ್ ಬಂದಾಗ ಪಕ್ಕದ ದಪ್ಪ ಮೀಸೆಯವರು ಅವನ ಕೈ ಹಿಡಿದು, "ಚಲಾ ಕಾಕಾ, ಸಾವಕಾಶ್," ಎಂದು ಎಬ್ಬಿಸಿದರು. ಕಿವಿಯಲ್ಲಿ ಹತ್ತಿ ಇದ್ದುದರಿಂದ ಇವನಿಗೆ ಏನೂ ಕೇಳಲಿಲ್ಲ. ಏನಾಗುತ್ತಿದೆಯೆಂದು ತಿಳಿಯುವುದರೊಳಗೆ ಅವರು ಇವನನ್ನು ಪ್ಲಾಟ್‌ಫಾರ್ಮಿಗೆ ಇಳಿಸಿ, ಸೇತುವೆ ಹತ್ತಿಸಿ, ಇಳಿಸಿ, ಸ್ಟೇಷನ್ನಿನ ಹೊರಗಿನ ರಸ್ತೆಯನ್ನೂ ದಾಟಿಸಿ ಬಿಟ್ಟರು. ಕುರುಡರಿಗೆ ಸಹಾಯ ಮಾಡಿದ ಸಂತೋಷ ಅವರ ಮೀಸೆಯಲ್ಲಿ ಕುಣಿಯುತ್ತಿತ್ತು. ಕಾಶಿನಾಥ ಹತ್ತಿ ತೆಗೆದು ವಿಷಯ ತಿಳಿದುಕೊಂಡ. ಅವರ ಮನಸ್ಸು ನೋಯಿಸುವುದು ಬೇಡವೆಂದು, ಅವರು ಕಣ್ಮರೆಯಾಗುವವರೆಗೂ ತಡವರಿಸುತ್ತಾ ನಡೆದು, ಆಮೇಲೆ ಸ್ಟೇಷನ್ನಿಗೆ ಓಡಿದ.

ಆಫೀಸು ಮುಟ್ಟಿದಾಗ ತಡವಾಗಿತ್ತು. ಬಸವಂತರಾಯರು ಎದ್ದು ಬಂದು ಅವನ ಹೆಗಲು ತಟ್ಟಿದರು.

"ಬಂದೇನಪಾ ಶೂರಾ! ತಲಿ ಹ್ಯಾಂಗೈತಿ? ಇವತ್ತ ಯಾವ ವಾರ?"

"ಸೋಮವಾರ್ರೀ ಸಾಹೇಬ್ರ. ತಲಿ ಪಸಂದ್ ಐತ್ರಿ. ಹೆಡ್ ಕೆಲಸಕ್ಕೂ ತಯಾರದೀನಿ."

ರಾಯರು ತಮ್ಮ ಪೇಟದಂಥ ಬಿಳಿ ಕೂದಲು ಕೆರೆದುಕೊಂಡರು. "ಖರೇ ಹೇಳ್ಲಿ? ಸಚಿನಗ ಮಾತು ಕೊಟ್ಟಾಗೇತಿ. ಆದ್ರೂ ನೀ ಹಳೇ ಮನಶ್ಯಾ. ಸಂಜೀತನಕಾ ನೋಡ್ತೀನಿ. ನಿನ್ನ ತಲಿ ನಡೀತದ ಅಂತ ಕಂಡ್ರ ನೀನ ಹೆಡ್."

ಇದನ್ನು ಕೇಳಿದ ಸಚಿನ ಸುಮ್ಮನಿರುತ್ತಾನೆಯೇ? ಅಂದು ಆಫೀಸಿನಲ್ಲಿದ್ದ ಬೆಲ್ಲುಗಳಿಗೆಲ್ಲ ಒಮ್ಮೆಲೇ ಪರೀಕ್ಷೆಯ ಯೋಗ ಬಂದಿತು. ಶಾಲೆಯ ಬೆಲ್ಲು ಬಾರಿಸಿದ, ಬ್ಯಾಂಕಿನ ಬೆಲ್ಲು ಬಾರಿಸಿದ, ಹಕ್ಕಿಯಂತೆ ಕೂಗುವ ಮನೆ ಬೆಲ್ಲನ್ನು ಮತ್ತೆ ಮತ್ತೆ ಕೂಗಿಸಿದ. ಒಂದೊಂದು ಸದ್ದಿಗೂ ಕಾಶಿನಾಥನ ತಲೆಯೊಳಗೆ ಯಾರೋ ಒನಕೆ ಎತ್ತಿ ಹಾಕಿದಂತಾಗುತ್ತಿತ್ತು. ಹತ್ತಿಯನ್ನು ಮತ್ತೆ ಕಿವಿಗೆ ತುರುಕಿ ಒಳಗೆ ಒತ್ತಿಕೊಂಡು, ಹಲ್ಲು ಕಚ್ಚಿ ನಗುತ್ತಾ ಕುಳಿತ. ಚಹಾದವನಿಗೆ ಮಾತ್ರ, "ಅರ್ಧ ಕಪ್ ಫ್ಯಾನ್ ಕೊಡಪಾ, ಸಕ್ಕರಿ ಕಡಿಮಿ," ಎಂದುಬಿಟ್ಟ. ಪುಣ್ಯಕ್ಕೆ ಬೆಲ್ಲಿನ ಗದ್ದಲದಲ್ಲಿ ಅದು ರಾಯರಿಗೆ ಕೇಳಲಿಲ್ಲ.

ಮಧ್ಯಾಹ್ನದ ಮೇಲೆ ಜೋಗೇಶ್ವರಿಯ ಕಾರ್ಖಾನೆಯವರೊಬ್ಬರು ತಮ್ಮ ಸೈರನ್ ಹೊತ್ತು ಬಂದರು. ಅದು ಬಾಯಿ ಬಿಡುತ್ತಿಲ್ಲವೆಂದು ದೂರು. ಸಚಿನ ಸ್ಕ್ರೂ ಬಿಚ್ಚಿ, ಏನೋ ತಿರುವಿ, ಗೋಡೆಗೆ ಪ್ಲಗ್ ಚುಚ್ಚಿದ. ಸೈರನ್ ಬಾಯಿ ಬಿಟ್ಟಿತು. ಬಿಟ್ಟ ಬಾಯಿ ಮುಚ್ಚಲಿಲ್ಲ.

ಸಚಿನ ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದ. ಒತ್ತಿದಷ್ಟೂ ಕೂಗು ಏರಿತು. ಗಿರಾಕಿ ಮೇಜಿನ ಕೆಳಗೆ ಸೇರಿದರು. ಪಕ್ಕದ ಉಡುಪಿ ಹೋಟೆಲಿನಿಂದ ಜನ ಬೆಂಕಿ ಬಿದ್ದಿದೆಯೆಂದು ಇಡ್ಲಿ ಹಿಡಿದುಕೊಂಡೇ ಹೊರಗೋಡಿದರು. ಬಸವಂತರಾಯರು ಕಿವಿ ಮುಚ್ಚಿಕೊಂಡು ನಿಂತಲ್ಲೇ ಗಿರಕಿ ಹೊಡೆಯತೊಡಗಿದರು. ಆ ಗದ್ದಲದಲ್ಲಿ ಎರಡೂ ಕೈ ಖಾಲಿ ಇದ್ದವನು ಕಾಶಿನಾಥ ಒಬ್ಬನೇ, ಏಕೆಂದರೆ ಅವನ ಕಿವಿ ಆಗಲೇ ಮುಚ್ಚಿತ್ತು. ಅವನು ಎದ್ದು ಹೋಗಿ ಗೋಡೆಯಿಂದ ಪ್ಲಗ್ ಕಿತ್ತು, ಮರಳಿ ಬಂದು ಕುಳಿತ.

ರಾಯರು ಬೆರಗಾಗಿ ಅವನನ್ನೇ ನೋಡಿದರು. ಬೆವರು ಒರೆಸಿಕೊಂಡು ಅವನನ್ನು ತಮ್ಮ ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು. ಕಾಶಿನಾಥ ಕಿವಿಯ ಹತ್ತಿ ತೆಗೆದ.

"ಎಲ್ಲಾರ ತಲೀನೂ ಬಂದ್ ಬಿತ್ತು ಕಾಶಿನಾಥ, ನಿಂದೊಂದ ನಡೀತು. ಮುಗೀತು, ನೀನ ಹೆಡ್! ಗಾಜಿನ ಖೋಲಿ ನಿಂದು. ಈಗ ಹೊರಗ ಹೋಗಿ ಎಲ್ಲಾರಿಗೂ ಹೇಳ್ತೀನಿ. ಅದಕ್ಕ ಮೊದಲ ಬಾಯಿ ಸೀ ಮಾಡು."

ಕಾಶಿನಾಥನ ಕಣ್ಣು ತುಂಬಿ ಕಪ್ಪು ಕನ್ನಡಕ ಮಂಜಾಯಿತು. ಇಷ್ಟು ವರ್ಷ ಕಾದ ಕೋಣೆ, ಆ ನಿಶ್ಶಬ್ದ! ರಾಯರು ಸಚಿನನಿಗಾಗಿ ತರಿಸಿದ್ದ ಪೇಡೆಯ ಡಬ್ಬಿ ತೆಗೆದು ಅವನ ಮುಂದೆ ಹಿಡಿದರು. ಮಂಜಾದ ಕನ್ನಡಕದಲ್ಲಿ ನೆಟ್ಟಗೆ ಕಾಣದೆ ಕಾಶಿನಾಥನ ಕೈ ತಗುಲಿ ಪೇಡೆಯೊಂದು ನೆಲಕ್ಕೆ ಬಿದ್ದು ಉರುಳಿತು.

ಕಾಶಿನಾಥ ಬಗ್ಗಿದ. ರಾಯರೂ ಬಗ್ಗಿದರು.

ಟಪ್.

"ಏನಿಲ್ಲ ಬಿಡ್ರಿ," ಎಂದು ಕಾಶಿನಾಥ ಗಾಬರಿಯಿಂದ ಬಾಗಿಲ ಕಡೆ ಸರಿದ.

"ನಿಂದ್ರು! ನಮ್ಮವ್ವ ಹೇಳತಿದ್ಲು, ಒಂದ ಸಲ ಬಡದ್ರ ಕೋಡ ಮೂಡ್ತಾವ ಅಂತ. ಬಾ ಇಲ್ಲೆ, ಇನ್ನೊಂದ ಸಲ."

"ಬ್ಯಾಡ್ರಿ ಸಾಹೇಬ್ರ! ನಿಮ್ಮ ಕಾಲ ಬೀಳ್ತೀನಿ. ಮೂಡಿದ್ರ ಮೂಡ್ಲಿ!"

"ಏನಂದಿ?" ರಾಯರ ಹುಬ್ಬು ಗಂಟಾಯಿತು. "ಹೆಡ್ ಆಗೂಕಿಂತ ಮೊದಲ ಕೋಡ ಮೂಡಿದಾವೇನ್ ನಿನಗ?"

ಹೀಗೇ ಪೆಟ್ಟು ತಿಂದದ್ದು ಎಂದು ನಿಜ ಹೇಳಿದರೆ ಲೋಕಲ್ಲಿನ ಮುದುಕರ ಕತೆ ಬಯಲಾಗುತ್ತದೆ. ಹೇಳದಿದ್ದರೆ ತಲೆ ಒಡ್ಡಬೇಕು. ಕಾಶಿನಾಥ ಬುದ್ಧಿವಂತನಾಗಿದ್ದ. ಈ ಸಲ ಕಣ್ಣು ಮುಚ್ಚಲಿಲ್ಲ. ಮೇಜನ್ನು ಎರಡೂ ಕೈಯಿಂದ ಹಿಡಿದು, ಕತ್ತು ಬಿಗಿಮಾಡಿ, ದೇವಕ್ಕನ ಮಂಕಿ ಟೋಪಿ ಹಣೆಯವರೆಗೆ ಎಳೆದುಕೊಂಡು ಬಂಡೆಯಂತೆ ನಿಂತ. ರಾಯರು ಹುರುಪಿನಿಂದ ಕೊಟ್ಟರು.

ಕಾಶಿನಾಥ ಅಲುಗಲಿಲ್ಲ. ರಾಯರು ಹಿಂದಕ್ಕೆ ಹೋಗಿ ತಮ್ಮ ಗಾಲಿ ಕುರ್ಚಿಯ ಮೇಲೆ ಬಿದ್ದರು. ಕುರ್ಚಿ ಅವರನ್ನು ಹೊತ್ತು ಸರ್ರನೆ ಉರುಳಿ ಹಿಂದಿನ ಕಪಾಟಿಗೆ ಢಣ್ ಎಂದು ಗುದ್ದಿತು. ಆಫೀಸಿನ ಯಾವ ಬೆಲ್ಲಿಗೂ ಅಂಥ ನಾದವಿರಲಿಲ್ಲ.

ಕಾಶಿನಾಥ ಮೊದಲು ತನ್ನನ್ನು ಪರೀಕ್ಷಿಸಿಕೊಂಡ. ಸೋಮವಾರ. ಪೇಡೆ. ಬೂಟು. ಎಲ್ಲ ಸರಿಯಾಗಿತ್ತು. ಆನಂದದಿಂದ ರಾಯರ ಕಡೆ ತಿರುಗಿದ. ಅವರು ಮೆಲ್ಲಗೆ ಕಣ್ಣು ತೆರೆದರು.

"ಕಾಶಿನಾಥ? ನೀ ಯಾವಾಗ ಬಂದಿ?"

ಕಾಶಿನಾಥ ಕುರ್ಚಿಯ ಹತ್ತಿರ ಓಡಿದ. "ಸಾಹೇಬ್ರ... ಇವತ್ತ ಯಾವ ವಾರ್ರೀ?"

"ರವಿವಾರ," ಎಂದರು ರಾಯರು ತಡಮಾಡದೆ. "ರವಿವಾರ ಆಫೀಸ್ ಯಾಕ ತಗದೀರಿ?"

ಡಾಕ್ಟರು ಬಂದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಭಯವೇನಿಲ್ಲ, ಸಣ್ಣ ಕಂಕಶನ್, ಹಳೆಯದೆಲ್ಲ ನೆನಪಿದೆ, ಇವತ್ತಿನದು ಮಾತ್ರ ಅಳಿಸಿದೆ, ಅದು ಮರಳಿ ಬರುವುದು ಕಷ್ಟ ಎಂದರು. ರಾಯರು ನೆಮ್ಮದಿಯಿಂದ ಸಚಿನನ ಕೈ ಹಿಡಿದರು. "ಶುಕ್ರವಾರದ್ದು ಛೊಲೋ ನೆನಪೈತಿ ತಮ್ಮಾ. ಹೆಡ್ ನೀನ. ಎಲ್ಲಾರಿಗೂ ಪೇಡೆ ಹಂಚ್ರಿ."

"ಅಲ್ಲಾ, ಸಾಹೇಬ್ರು ಈಗಷ್ಟ ನನಗ ಕೊಟ್ರು!" ಕಾಶಿನಾಥ ಕೂಗಿದ. "ಬಾಗಲಾ ಹಾಕಿ ನನಗ ಹೇಳಿದ್ರು. ಪೇಡೆ ಉಳ್ಳಿತು, ಇಬ್ರೂ ಬಗ್ಗಿದ್ವಿ, ಕೋಡ ಮೂಡ್ತಾವ ಅಂತ ಇನ್ನೊಂದ ಸಲ..."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಚಿನ ಬಹಳ ಮೃದುವಾಗಿ ಅವನ ತೋಳು ಹಿಡಿದು ಕೇಳಿದ.

"ಕಾಕಾ, ಇವತ್ತು ಯಾವ ವಾರ?"

ಸಂಜೆ ಕಾಶಿನಾಥ ಕಪ್ಪು ಕನ್ನಡಕವಿಲ್ಲದೆ ಮನೆಗೆ ಬಂದ. ಅದನ್ನು ರಾಯರಿಗೆ ಕೊಟ್ಟು ಬಂದಿದ್ದ. ಕತೆ ಕೇಳಿದ ಶಿವಕುಮಾರಿ ಮೊದಲು ಗಾಬರಿಯಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕದ್ದು ನೋಡಿ ಇವನಿಗೂ ನಗು ತಡೆಯಲಾಗಲಿಲ್ಲ. ತಟ್ಟೆಯಲ್ಲಿ ರೊಟ್ಟಿ ಹಿಡಿದು ಬಂದ ದೇವಕ್ಕ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡಳು.

"ಹೆಡ್ ಆಗಿದ್ರ ನಿಮಗ ಕೋಡ ಮೂಡತಿದ್ವು ಅಣ್ಣಾರ," ಎಂದು ಸಮಾಧಾನ ಹೇಳಿದಳು. "ಎರಡನೇ ಢಿಕ್ಕಿ ಹೊಡದದ್ದಕ್ಕ ನೋಡ್ರಿ, ಮೂಡಲಿಲ್ಲ."

ಹಾಗೆ ಹೇಳುವಾಗ ತಟ್ಟೆ ವಾಲಿ ಒಂದು ರೊಟ್ಟಿ ನೆಲಕ್ಕೆ ಬಿತ್ತು. ದೇವಕ್ಕ ಬಗ್ಗಿದಳು. ಕಾಶಿನಾಥ ಒಳಗೋಡಿ ಚಿಲಕ ಹಾಕಿಕೊಂಡ.